ಎರಡನೇ ಪಾರ್ಸಲ್ಲು ಬಂದಿಲ್ಲ

ಹೋದ ಸೋಮವಾರದಿಂದ ನಮ್ಮ ಓಣಿಗೆ ಹೊಸ ಟಪಾಲಿನವರು ಬರತೊಡಗಿದ್ದಾರೆ. ಸೈಕಲ್ಲಿದೆ, ಚುರುಕು ಕಾಲಿದೆ. ಬಾಗಿಲ ಸಂದಿಯಿಂದ ಕಾಗದ ತೂರಿಸಿ, ಒಮ್ಮೆ ಗಂಟೆ ಬಾರಿಸಿ ಮುಂದಿನ ಮನೆಗೆ ಹೋಗಿಬಿಡುತ್ತಾರೆ. ಕೆಲಸದಲ್ಲಿ ತಪ್ಪು ಹೇಳುವಂಥದ್ದೇನೂ ಇಲ್ಲ. ಆದರೂ ಮೊದಲ ದಿನ ನನ್ನ ಹೆಂಡತಿ ಕಾಗದ ಕೈಯಲ್ಲಿ ಹಿಡಿದುಕೊಂಡು ಹೊಸ್ತಿಲಲ್ಲೇ ನಿಂತುಬಿಟ್ಟಿದ್ದಳು. "ಯಾಕ, ಏನಾತು?" ಎಂದೆ. "ಏನ ಉಂಡ್ರಿ ಅಂತ ಕೇಳಲೇ ಇಲ್ಲಲ್ಲರೀ" ಎಂದಳು.

ನಮ್ಮ ಸೀಮೆಯಲ್ಲಿ "ಊಟಾ ಆತೇನ್ರೀ?" ಎಂಬುದು ನಮಸ್ಕಾರಕ್ಕೆ ಬದಲು ಆಡುವ ಮಾತು. ಕೇಳಿದವರಿಗೆ ಉತ್ತರ ಬೇಕಾಗಿರುವುದಿಲ್ಲ, ಹೇಳುವವರು ನಿಜ ಹೇಳಬೇಕಾಗಿಯೂ ಇಲ್ಲ. ಬೆಳಿಗ್ಗೆ ಎಂಟಕ್ಕೂ "ಆತ್ರೀ", ಸಂಜೆ ಐದಕ್ಕೂ "ಆತ್ರೀ". ಧಾರವಾಡದ ಈ ಮಾಳಮಡ್ಡಿ ಬಡಾವಣೆಯಲ್ಲೆಲ್ಲ ಅದನ್ನು ನಿಜವಾದ ಪ್ರಶ್ನೆಯೆಂದು ತಿಳಿದವರು ನಮ್ಮ ಹಳೆಯ ಟಪಾಲಿನವರು ಒಬ್ಬರೇ. "ಆತ್ರೀ" ಎಂದ ಕೂಡಲೇ ಅವರು ಚೀಲವನ್ನು ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಬದಲಿಸಿ, "ಏನ ಉಂಡ್ರಿ?" ಎನ್ನುತ್ತಿದ್ದರು. ಆಮೇಲೆ ಕಾಯುತ್ತಿದ್ದರು. ಕಾಗದ ಅವರ ಕೈಯಲ್ಲಿ. ಉಂಡದ್ದನ್ನು ಹೇಳುವವರೆಗೆ ಅದು ನಮ್ಮ ಕೈಗೆ ಬರುತ್ತಿರಲಿಲ್ಲ. "ಚಹಾ ಕುಡದೇನಿ" ಎಂದರೆ, "ಅದು ಕುಡದದ್ದಾತು. ಉಂಡದ್ದು?" ಎಂದು ಮತ್ತೆ ಕೇಳುವರು. ಎಷ್ಟೋ ಮನೆಗಳಲ್ಲಿ ಅವರಿಗೆ ಉತ್ತರ ಕೊಡುವ ನಾಚಿಕೆಗೇ ಹೆಣ್ಣುಮಕ್ಕಳು ಹೊತ್ತಿಗೆ ಸರಿಯಾಗಿ ಉಣ್ಣಲು ಕಲಿತರು.

ಅವರ ಹೆಸರನ್ನು ನಾನು ಇಲ್ಲಿ ಹೇಳುವುದಿಲ್ಲ. ಅದಕ್ಕೆ ಕಾರಣವಿದೆ, ಕೊನೆಗೆ ನಿಮಗೇ ತಿಳಿಯುತ್ತದೆ. ನಾವೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದೆವು. ಒಣಕಲು ಮೈ, ಖಾಕಿ ಕೋಟು, ತಲೆಗೆ ರುಮಾಲು, ಕಿರ್ ಕಿರ್ ಎನ್ನುವ ತೊಗಲಿನ ಚಪ್ಪಲಿ. ಚಪ್ಪಲಿಯ ಸಪ್ಪಳ ಕೇಳಿದರೆ ಸಾಕು, ಊಟ ಮಾಡದೆ ಕೂತವರು ಎದ್ದು ಒಲೆಯ ಕಡೆ ಓಡಬೇಕು. ಮೂವತ್ತು ವರ್ಷ ಧಾರವಾಡದ ಏರು ಇಳಿವುಗಳನ್ನು ಕಾಲಲ್ಲೇ ತುಳಿದವರು. ಒಂದು ದಿನ ಜ್ವರವೆಂದು ಮಲಗಿದ್ದನ್ನು ನಾನು ಕಾಣೆ. ಅವರಿಗೆ ಎರಡು ಹೆಮ್ಮೆಗಳಿದ್ದವು. ಒಂದು, ಯಾರ ಮನೆಯ ಕಾಗದವೂ ತಪ್ಪಿ ಇನ್ನೊಬ್ಬರ ಮನೆಗೆ ಹೋಗಿಲ್ಲ ಎಂಬುದು. ಇನ್ನೊಂದು, ಎಂಥ ಮಳೆಯಲ್ಲೂ ಅವರ ಚೀಲದೊಳಗಿನ ಒಂದು ಅಕ್ಷರವೂ ತೊಯ್ದಿಲ್ಲ ಎಂಬುದು. ಚೀಲಕ್ಕೆ ಮೇಣಗಪ್ಪಡ, ಅದರ ಮೇಲೆ ಕಂಬಳಿ. ತಾವು ತೊಪ್ಪೆಯಾಗಿ ಬರುವರು, ಕಾಗದ ಮಾತ್ರ ಬೆಚ್ಚಗಿರುತ್ತಿತ್ತು.

ಮಧ್ಯಾಹ್ನ ಸ್ಟೇಶನ್ನಿಗೆ ಹೋಗುವ ಹಾದಿಯ ಬೇವಿನ ಮರದ ಕೆಳಗೆ ಅವರ ಊಟ. ಬುತ್ತಿಯ ಗಂಟು ಬಿಚ್ಚಿದರೆ ಒಳಗೆ ಎರಡು ಜೋಳದ ರೊಟ್ಟಿ, ಒಂದು ಪಲ್ಲೆ, ಒಂದಿಷ್ಟು ಕಾಳು, ಹಿಂಡಿ ಎನ್ನುವ ಶೇಂಗಾ ಚಟ್ನಿಪುಡಿ, ಗುದ್ದಿ ಒಡೆದ ಉಳ್ಳಾಗಡ್ಡಿ. ಪಕ್ಕದಲ್ಲಿ ಹಿತ್ತಾಳೆಯ ತಂಬಿಗೆಯಲ್ಲಿ ಮಜ್ಜಿಗೆ. ರೊಟ್ಟಿ ಎರಡೇ. ಮೂರನೆಯದನ್ನು ಅವರು ಯಾರ ಒತ್ತಾಯಕ್ಕೂ ಹಾಕಿಸಿಕೊಂಡದ್ದಿಲ್ಲ. ಪಲ್ಲೆ ಮಾತ್ರ ಬದಲಾಗುತ್ತಿತ್ತು. ಪುಂಡಿ ಬಂದರೆ ಪುಂಡಿ, ಮೆಂತೆ ಬಂದರೆ ಮೆಂತೆ, ಬದನೆಯ ಕಾಲದಲ್ಲಿ ಬದನೆ. "ಈಗ ಹೊಲದಾಗ ಏನ ಬಂದೈತಿ ಅದನ್ನ ತಿನ್ನೂದು. ಹೊಲಕ್ಕ ನನಗಿಂತ ಹೆಚ್ಚು ತಿಳೀತೈತಿ" ಎನ್ನುವರು. ಉಣ್ಣುವಾಗ ಮಾತಿಲ್ಲ. ಒಮ್ಮೆ ಊರಿನ ದೊಡ್ಡ ಅಧಿಕಾರಿಯೊಬ್ಬರು ಗಾಡಿ ನಿಲ್ಲಿಸಿ, "ನಮ್ಮ ಟಪಾಲು ಬಂದೈತೇನು?" ಎಂದರೆ, ಬಾಯಿ ಮುಚ್ಚಿ ಅಗಿಯುತ್ತಲೇ ಕೈ ಎತ್ತಿ ನಿಲ್ಲಿಸಿದರು. ತುತ್ತು ಮುಗಿದು, ಮಜ್ಜಿಗೆ ಕುಡಿದು, ಕೈ ತೊಳೆದು, ಒರೆಸಿಕೊಂಡು ಆಮೇಲೆ "ಬಂದೈತ್ರಿ ಸಾಹೇಬ್ರ. ನಿಮ್ದು ಊಟಾ ಆತೇನ್ರೀ?" ಎಂದರು.

ಹಾಗೆಂದು ಅವರೇನು ಬಾಯಿ ಕಟ್ಟಿದ ಸನ್ಯಾಸಿಯಲ್ಲ. ಸಂತೆಯ ದಿನ ಸಂಜೆ ಮಿರ್ಚಿ ಭಜಿಯ ಬಾಣಲೆಯ ಎದುರು ಅವರನ್ನು ನೋಡಬೇಕಿತ್ತು. ಎರಡು ಭಜಿ, ಒಂದು ಹಿಡಿ ಚುರುಮುರಿ. ಮೊದಲ ತುತ್ತಿಗೆ ಕಣ್ಣು ಮುಚ್ಚುವರು. ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಮುಖದ ತುಂಬ ನಗು. "ಕಾಕಾ, ನೀವೂ ಕರಿದದ್ದು ತಿಂತೀರಿ?" ಎಂದು ನಾನೊಮ್ಮೆ ಕಾಲೆಳೆದೆ. "ವಾರಕ್ಕೊಮ್ಮೆ ತಿಂದs ತಿಂತೀನ್ರಿ. ಬಿಟ್ಟೇನಿ ಅಂತ ಆಣಿ ಮಾಡಿದ್ರ, ವಾರಪೂರ್ತಿ ಅದರದs ಕನಸ ಬೀಳತಾವು. ಎರಡು ಭಜಿಗಿ ಅಷ್ಟ್ಯಾಕ ಮರ್ಯಾದಿ ಕೊಡೂದು?" ಎಂದರು.

ಇನ್ನು ಪಾರ್ಸಲ್ಲಿನ ವಿಷಯ. ಮನೆಮನೆಗೆ ಪಾರ್ಸಲ್ಲು ಮುಟ್ಟಿಸುವವರಿಗೆ ಊರಿನ ಹೊಟ್ಟೆಯ ಚರಿತ್ರೆಯೆಲ್ಲ ಗೊತ್ತಿರುತ್ತದೆ. ಮುಂಬಯಿಯಿಂದ, ಕಲಕತ್ತೆಯಿಂದ ಟಾನಿಕ್ಕಿನ ಬಾಟಲಿ, ಪುಡಿಯ ಡಬ್ಬಿ, ಹೊಟ್ಟೆ ಕರಗಿಸುವ ಪಟ್ಟಿ, ಹೊಟ್ಟೆ ಬರಿಸುವ ಲೇಹ್ಯ ಎಲ್ಲ ಅವರ ಹೆಗಲ ಮೇಲೇ ಬಂದದ್ದು. ಒಂದು ವರ್ಷ ಓಣಿಗೆ ಓಣಿಯೇ ನಿಂಬೆಹಣ್ಣಿನ ನೀರಿನ ಮೇಲೆ ಬದುಕಿತ್ತಂತೆ. ಒಬ್ಬ ವಕೀಲರು ಪುಸ್ತಕ ತರಿಸಿ ಬರೇ ಹಾಲು ಕುಡಿದು ಕುಡಿದು, ಕೊನೆಗೆ ಹಾದಿಯಲ್ಲಿ ಆಕಳು ಎದುರಾದರೆ ಮುಖ ತಿರುಗಿಸುವಂತಾದರಂತೆ. "ಯಾರ್ರೀ ಅವ್ರು?" ಎಂದರೆ ಹೆಸರು ಹೇಳರು. "ಎಷ್ಟ ಪಾರ್ಸಲ್ ಕೊಟ್ಟೇನಿ ಮಾಸ್ತರ, ಲೆಕ್ಕ ಇಲ್ಲ. ಆದ್ರ ಒಂದು ಮಾತು ನೆನಪಿಡ್ರಿ. ಎರಡನೇ ಪಾರ್ಸಲ್ಲು ಯಾರಿಗೂ ಬಂದಿಲ್ಲ" ಎನ್ನುವರು. ಅಷ್ಟು ಗುಣ ಕೊಡುವ ಔಷಧವಾದರೆ ಮತ್ತೊಮ್ಮೆ ತರಿಸಬೇಕಲ್ಲವೆ ಎಂಬುದು ಅವರ ತರ್ಕ. ಇದಕ್ಕೆ ಎದುರು ಹೇಳಲು ನಾನು ಬಹಳ ಪ್ರಯತ್ನಪಟ್ಟೆ, ಆಗಲಿಲ್ಲ.

ಪ್ರಯತ್ನಪಟ್ಟದ್ದಕ್ಕೆ ಕಾರಣವಿತ್ತು: ಅವರು ಅದನ್ನು ಹೇಳಿದ್ದೇ ನನಗೊಂದು ಪಾರ್ಸಲ್ಲು ಕೊಡುವಾಗ.

ಆಗ ನಾನು ಇಪ್ಪತ್ತನಾಲ್ಕರ ಹುಡುಗ, ಇಲ್ಲಿನ ಒಂದು ಸಾಲೆಯಲ್ಲಿ ಮಾಸ್ತರ. ಮಾಳಮಡ್ಡಿಯಲ್ಲಿ ಒಂದು ಖೋಲಿ ಬಾಡಿಗೆಗೆ ಹಿಡಿದು, ಖಾನಾವಳಿಯಲ್ಲಿ ಉಣ್ಣುತ್ತಿದ್ದೆ. ಆ ಬೇಸಿಗೆಯಲ್ಲಿ ಹುಬ್ಬಳ್ಳಿಗೆ ಒಂದು ಲಗ್ನಕ್ಕೆ ಹೋದೆ. ಪಂಕ್ತಿಯಲ್ಲಿ ಹೋಳಿಗೆ ಬಡಿಸುತ್ತ ಒಬ್ಬ ಹುಡುಗಿ ಬಂದಳು. ಅರಳೆ ವ್ಯಾಪಾರಿಯೊಬ್ಬರ ಮಗಳೆಂದು ಆಮೇಲೆ ತಿಳಿಯಿತು. ಬಾಗಿ, "ಇನ್ನೊಂದು?" ಎಂದಳು. ಅವಳಿಗೆ ಬೇಡವೆನ್ನುವ ಶಕ್ತಿ ನನಗಿರಲಿಲ್ಲ. ಐದು ಸಲ ಕೇಳಿದಳು, ಐದು ಸಲ ಹೂಂ ಎಂದೆ. ಮರಳಿ ಬರುವಾಗ ರೈಲಿನಲ್ಲಿ ಹೊಟ್ಟೆ ಹಿಡಿದುಕೊಂಡು ಬಂದೆ. ಎರಡು ದಿನ ಮಲಗಿದೆ. ನಮ್ಮ ದೂರದ ನೆಂಟರೊಬ್ಬರು ಇದೇ ಹುಡುಗಿಯನ್ನು ನನಗೆ ಕೇಳುವ ವಿಚಾರ ಎತ್ತಿದಾಗ ನನಗೆ ಹಿಗ್ಗೂ ಆಯಿತು, ಇಂಥ ಹೊಟ್ಟೆಬಾಕನಾಗಿ ಅವಳ ಮುಂದೆ ನಿಲ್ಲಬಾರದೆಂಬ ಛಲವೂ ಹುಟ್ಟಿತು.

ಅದೇ ವಾರ ಊರಿಗೆ ಒಬ್ಬರು ಭಾಷಣಕಾರರು ಬಂದಿದ್ದರು. ಬೆಂಕಿ ಕಂಡ ಅನ್ನವೆಲ್ಲ ಸತ್ತ ಅನ್ನ, ಹಸಿಯದನ್ನು ತಿಂದವನೇ ವೀರ ಎಂದು ಎರಡು ತಾಸು ಹೇಳಿದರು. ಮೈ ಜುಮ್ಮೆಂದಿತು. ಮರುದಿನವೇ ಸಾಲೆಯಲ್ಲಿ ಮಾಸ್ತರರೆಲ್ಲರ ಎದುರು, ನೂರು ದಿನ ಬೆಂದದ್ದು ಮುಟ್ಟುವುದಿಲ್ಲವೆಂದು ಸಾರಿಬಿಟ್ಟೆ. ಖಾನಾವಳಿ ಬಿಟ್ಟೆ. ನೆನೆಸಿದ ಗೋದಿ, ಹಸಿ ಬದನೆಕಾಯಿ, ಬೇವಿನ ಎಲೆಯ ರಸ. ಉಪ್ಪಿಲ್ಲ. ಮೇಲೆ, ಭಾಷಣಕಾರರೇ ಹೇಳಿದ ಒಂದು ಪುಡಿಗೆ ಮುಂಬಯಿಗೆ ಬರೆದೆ. ಅದನ್ನೇ ಕಾಕಾ ಹೊತ್ತು ತಂದದ್ದು.

"ಏನ ಉಂಡ್ರಿ?" ಎಂದರು.

"ನೆನಸಿದ ಗೋದಿ, ಕಾಕಾ. ಬೆಂದದ್ದು ಬಿಟ್ಟೇನಿ."

ಅವರು ನಗಲಿಲ್ಲ. ನಕ್ಕಿದ್ದರೆ ನನ್ನ ಛಲ ಇನ್ನೂ ಏರುತ್ತಿತ್ತು. "ಮುಂದಿನ ವರ್ಷ ಇದs ದಿನ ಇದನ್ನs ತಿಂತಿರ್ತೀರೇನು?" ಎಂದು ಕೇಳಿದರು.

"ಛೆ, ನೂರs ದಿನ."

"ಮತ್ತ ನೂರಾ ಒಂದನೇ ದಿನಕ್ಕ?"

ನೂರಾ ಒಂದನೆಯ ದಿನ ಖಾನಾವಳಿಗೆ ಹೋಗಿ ಹನ್ನೆರಡು ರೊಟ್ಟಿ ತಿನ್ನುವುದೆಂದು ಮನಸ್ಸಿನಲ್ಲೇ ಗೊತ್ತುಮಾಡಿಕೊಂಡಿದ್ದೆ. ಅದು ಅವರಿಗೆ ನನ್ನ ಮುಖದಲ್ಲೇ ಕಂಡಿರಬೇಕು. "ಮುದುಕಾಗೂತನಕ ಮಾಡಾಕ ಬರೂದಿಲ್ಲ ಅಂದ್ರ ಅದು ಊಟ ಅಲ್ರೀ ಮಾಸ್ತರ, ಸರ್ಕಸ್ಸು" ಎಂದು ಪಾರ್ಸಲ್ಲು ಕೊಟ್ಟು ಹೋದರು.

ಒಂದು ತಿಂಗಳಲ್ಲಿ ಸರ್ಕಸ್ಸಿನ ಫಲ ಕಂಡಿತು. ಕೋಟು ನೇತಾಡತೊಡಗಿತು. ಕೆನ್ನೆ ಒಳಗೆ ಹೋದವು, ಕಣ್ಣು ಹಳದಿಯಾದವು. ಓಣಿಯ ತಗ್ಗಿನಿಂದ ಮೇಲೆ ಹತ್ತುವಾಗ ಎರಡು ಕಡೆ ಕೂತು ಏಳುತ್ತಿದ್ದೆ. ಮಳೆಗಾಲ ಹಿಡಿದಿತ್ತು, ಒಂದು ಕೆಮ್ಮೂ ಹತ್ತಿತು. ಆ ಕಾಲದಲ್ಲಿ ತೆಳ್ಳಗಾದ ಹುಡುಗ ಕೆಮ್ಮಿದರೆ ಜನಕ್ಕೆ ಒಂದೇ ಶಬ್ದ ನೆನಪಾಗುತ್ತಿತ್ತು. ಕ್ಷಯ. ಆ ಶಬ್ದ ಒಮ್ಮೆ ಓಣಿ ದಾಟಿದರೆ ನನಗೆ ಹುಬ್ಬಳ್ಳಿಯಲ್ಲೇಕೆ, ಎಲ್ಲಿಯೂ ಹೆಣ್ಣು ಸಿಗುತ್ತಿರಲಿಲ್ಲ. ಇದು ನನಗೆ ತಿಳಿದಿತ್ತು. ಆದರೆ ಎಲ್ಲರೆದುರು ಆಡಿದ ಮಾತನ್ನು ನುಂಗುವುದು ಹಸಿ ಬದನೆಕಾಯಿ ನುಂಗುವುದಕ್ಕಿಂತ ಕಷ್ಟವಾಗಿತ್ತು.

ಒಂದು ಮಧ್ಯಾಹ್ನ ಬೇವಿನ ಮರದ ಕೆಳಗೆ ಕಾಕಾ ನನ್ನನ್ನು ಕರೆದು ಕೂರಿಸಿದರು. ಊಟ ಇನ್ನೂ ಅರ್ಧಕ್ಕಿತ್ತು. ಆದರೂ ಮಾತಾಡಿದರು. ಮೂವತ್ತು ವರ್ಷದಲ್ಲಿ ಅದೊಂದೇ ಸಲ ಇರಬೇಕು.

"ನಿನ್ನಿ ಹುಬ್ಬಳ್ಳಿಯಿಂದ ಒಬ್ರು ಬಂದಿದ್ರು. ಅರಳಿ ಸಾವ್ಕಾರ್ರು. ಮಾಳಮಡ್ಡಿ ಮಾಸ್ತರ ಪ್ರಕೃತಿ ಹ್ಯಾಂಗೈತಿ ಅಂತ ನನ್ನs ಕೇಳಿದ್ರು. ದೂರದಿಂದ ನಿಮ್ಮನ್ನ ನೋಡಿದ್ರಂತ. ಕೆಮ್ಮಾಕತ್ತಿದ್ರಿ ಅಂದ್ರು."

"ನೀವೇನ ಅಂದ್ರಿ?"

"ಏನೂ ಜಡ್ಡಿಲ್ಲ, ವ್ರತ ಹಿಡದಾರ, ದಸರಾದಾಗ ಬಂದು ನೋಡ್ರಿ ಅಂದೇನಿ. ಸುಳ್ಳಂತೂ ಹೇಳಿಲ್ಲ. ಆದ್ರ ಈಗ ನನ್ನ ಮಾತು ನಿಮ್ಮ ಹೊಟ್ಟಿ ಮ್ಯಾಲ ನಿಂತೈತ್ರಿ" ಎಂದು ಒಂದು ರೊಟ್ಟಿ ಮುರಿದು ಪಲ್ಲೆ ಹಚ್ಚಿ ನನ್ನ ಕಡೆ ಚಾಚಿದರು.

ಬಾಯಲ್ಲಿ ನೀರೂರಿತು. ಆದರೂ ಕೈ ಚಾಚಲಿಲ್ಲ. ಎಂಥ ಮೂರ್ಖ! ಅದರ ಬದಲು ಕಿಸೆಯಿಂದ ಒಂದು ಕಾರ್ಡು ತೆಗೆದು, ಅದನ್ನು ಟಪಾಲಿಗೆ ಹಾಕಿರೆಂದು ಕೊಟ್ಟೆ. ಊರಿನಲ್ಲಿದ್ದ ನನ್ನ ತಾಯಿಗೆ ಬರೆದದ್ದು. ನಾಗರಪಂಚಮಿಗೆ ಉಂಡಿ ಕಟ್ಟಿಕೊಂಡು ಬರುತ್ತೇನೆಂದು ಅವಳು ಹೇಳಿಕಳಿಸಿದ್ದಳು, ಅದನ್ನು ತಪ್ಪಿಸಬೇಕಾಗಿತ್ತು. ಕಾಕಾ ಕಾರ್ಡನ್ನು ನನ್ನೆದುರಿಗೇ ಓದಿದರು. ಲಕೋಟೆಯನ್ನು ಅವರು ಬೆಳಕಿಗೆ ಹಿಡಿದೂ ನೋಡಿದವರಲ್ಲ. ಕಾರ್ಡಿನ ಮಾತೇ ಬೇರೆ, ಅದು ಬಾಯಿ ತೆರೆದುಕೊಂಡೇ ಹೊರಟಿರುತ್ತದೆ ಎಂಬುದು ಅವರ ಮತ. ನಾನು ಬರೆದದ್ದು ಇಷ್ಟು: "ನೀನು ಬರುವ ಕಾರಣವಿಲ್ಲ. ನಾನು ಒಂದು ತಿಂಗಳಿಂದ ಬರೇ ಹಸಿದೇ ತಿಂದು ಇದ್ದೇನೆ. ಆರಾಮ ಇದ್ದೇನೆ."

"ಇದನ್ನ ಹಿಂಗs ಕಳಸೂದೇನು?" ಎಂದರು.

"ಹಿಂಗs ಕಳಸ್ರಿ" ಎಂದು ಎದ್ದು ಬಂದೆ.

ನಾಲ್ಕನೆಯ ದಿನ ಸಾಲೆಯಿಂದ ಬರುವಷ್ಟರಲ್ಲಿ ನನ್ನ ಖೋಲಿಯ ಬಾಗಿಲಲ್ಲಿ ಒಂದು ದೊಡ್ಡ ಬುಟ್ಟಿ, ಅದರ ಪಕ್ಕದಲ್ಲಿ ನನ್ನ ತಾಯಿ. ಬುಟ್ಟಿಯಲ್ಲಿ ಕಟಕ ರೊಟ್ಟಿ, ಹಿಂಡಿ, ಬೆಲ್ಲ, ತುಪ್ಪ, ಉಂಡಿ. ನನ್ನನ್ನು ನೋಡಿದ್ದೇ, "ಅಯ್ಯ ನನ ಕೂಸ, ತಿಂಗಳಿಂದ ಹಸದೀಯಂತಲ್ಲೋ!" ಎಂದು ಓಣಿಗೆಲ್ಲ ಕೇಳುವಂತೆ ಅತ್ತಳು. ಅವಳಿಗೆ ಓದು ಬಾರದು, ಪಕ್ಕದ ಮನೆಯವರು ಕಾರ್ಡು ಓದಿ ಹೇಳಿದ್ದರು. ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಬಂದಿದ್ದ ಕಾರ್ಡನ್ನು ಬಿಚ್ಚಿ ಕೊಟ್ಟಳು. ಸರಿಯಾಗಿ "ತಿಂದು" ಎಂಬಲ್ಲಿ ಒಂದು ಹನಿ ಬಿದ್ದು, ಮಸಿ ಕದಡಿ, ಶಬ್ದ ಮಾಯವಾಗಿತ್ತು. ಉಳಿದದ್ದು: "ನಾನು ಒಂದು ತಿಂಗಳಿಂದ ಬರೇ ಹಸಿದೇ ಇದ್ದೇನೆ."

ಹಸಿಯದೇ ಎಂದು ಬಿಡಿಸಿ ಬರೆದಿದ್ದರೆ ಎಂಥ ಮಳೆಯೂ ಏನೂ ಮಾಡುತ್ತಿರಲಿಲ್ಲ. ಮಕ್ಕಳಿಗೆ ಶುದ್ಧಬರಹ ಕಲಿಸುವ ಮಾಸ್ತರ ನಾನು! ಎಷ್ಟು ತಿಳಿಸಿ ಹೇಳಿದರೂ ತಾಯಿ ಕೇಳಲಿಲ್ಲ. ಕೇಳಿದ್ದರೂ, ಹಸಿ ಬದನೆಕಾಯಿ ತಿನ್ನುತ್ತಿದ್ದೆ ಎಂಬುದು ಅವಳಿಗೆ ಹೆಚ್ಚು ಸಮಾಧಾನ ಕೊಡುವ ಸುದ್ದಿಯೇನಲ್ಲ. ಸಂಜೆಗೆ ಒಲೆ ಹೊತ್ತಿತು. ತಾಯಿಯ ಕಣ್ಣೀರಿನ ಎದುರು ವ್ರತ ಮುರಿದರೆ ಯಾರೂ ನಗುವುದಿಲ್ಲವೆಂಬುದು ನನಗೂ ಹೊಳೆಯಿತು. ನಿಜ ಹೇಳಬೇಕೆಂದರೆ, ಬಹಳ ಬೇಗ ಹೊಳೆಯಿತು.

ಮರುದಿನ ಕಾಕಾ ಬಂದಾಗ, "ನಿಮ್ಮ ಚೀಲ ಸೋರೇತ್ರಿ ಕಾಕಾ!" ಎಂದು ಕಾರ್ಡು ತೋರಿಸಿದೆ. ಅವರ ಹೆಮ್ಮೆಗೆ ಪೆಟ್ಟು ಕೊಟ್ಟೆನೆಂದು ನನಗೆ ಒಳಗೊಳಗೆ ಖುಷಿ. ಅವರು ಕಾರ್ಡಿನ ಕಡೆ ನೋಡದೆ, "ಚೀಲಕ್ಕೂ ವಯಸ್ಸಾಗತೈತಲ್ರಿ" ಎಂದು ನನ್ನ ತಾಯಿಯ ಕಡೆ ತಿರುಗಿದರು.

ತಾಯಿ ಆಗಲೇ ನನ್ನೆದುರು ನಾಲ್ಕು ರೊಟ್ಟಿ, ತುಪ್ಪ, ಆರು ಉಂಡಿ ಇಟ್ಟಿದ್ದಳು. "ಅಮ್ಮಾರ, ತಪ್ಪ ತಿಳೀಬ್ಯಾಡ್ರಿ" ಎಂದರು ಕಾಕಾ. "ತಿಂಗಳದ್ದು ಒಂದs ದಿನ ತುಂಬಬ್ಯಾಡ್ರಿ. ಅದೂ ಸರ್ಕಸ್ಸs. ಇವತ್ತು ಗಂಜಿ ಕುಡಸ್ರಿ. ನಾಳೆ ಹಾಲಾಗ ನೆನಸಿದ ಅರ್ಧಾ ರೊಟ್ಟಿ. ಹೊತ್ತ ಮಾತ್ರ ತಪ್ಪಸಬ್ಯಾಡ್ರಿ. ಉಂಡಿ ಎಲ್ಲಿಗೂ ಓಡಿ ಹೋಗೂದಿಲ್ಲ." ತಾಯಿ ಯಾರ ಮಾತನ್ನೂ ಕೇಳುವವಳಲ್ಲ. ಆದರೆ ಅವರ ಮಾತಿಗೆ ಸುಮ್ಮನೆ ಐದು ಉಂಡಿ ತೆಗೆದಿಟ್ಟಳು. ಒಂದು ಬಿಟ್ಟಳು, ತಾಯಿಯಲ್ಲವೆ?

ದಸರೆಯವರೆಗೆ ಹೀಗೇ ನಡೆಯಿತು. ಪವಾಡವೇನೂ ಆಗಲಿಲ್ಲ. ಹೊತ್ತಿಗೆ ರೊಟ್ಟಿ, ಪಲ್ಲೆ, ಕಾಳು, ಮಜ್ಜಿಗೆ. ಸಂಜೆ ಸಾಲೆ ಬಿಟ್ಟ ಮೇಲೆ ಕಾಕಾ ತಮ್ಮ ಕೊನೆಯ ಸುತ್ತಿಗೆ ನನ್ನನ್ನೂ ಕರೆದೊಯ್ಯುತ್ತಿದ್ದರು. ಮೊದಲ ದಿನ ನಾಲ್ಕು ಮನೆಗೇ ಸಾಕಾಯಿತು. ತಿಂಗಳಲ್ಲಿ ಇಡೀ ಓಣಿ ಮುಗಿಸಿ ಬೇವಿನ ಮರದವರೆಗೆ ಬರುತ್ತಿದ್ದೆ. ಕೆಮ್ಮು ಯಾವಾಗ ಹೋಯಿತೋ ನೆನಪಿಲ್ಲ. ಮುಂಬಯಿಯ ಪುಡಿಯ ಡಬ್ಬಿಯಲ್ಲಿ ತಾಯಿ ಸಾಸಿವೆ ಹಾಕಿಟ್ಟಳು.

ದಸರೆಗೆ ಅರಳೆ ಸಾಹುಕಾರರು ಬಂದರು. ನಾನು ಹೇಗೆ ಉತ್ತರ ಕೊಡಬೇಕೆಂದು ರಾತ್ರಿಯಿಡೀ ಬಾಯಿಪಾಠ ಮಾಡಿಕೊಂಡಿದ್ದೆ. ಅವರು ಒಂದೂ ಪ್ರಶ್ನೆ ಕೇಳಲಿಲ್ಲ. ನನ್ನ ಪಕ್ಕದಲ್ಲಿ ಊಟಕ್ಕೆ ಕೂತು, ನಾನು ಉಣ್ಣುವುದನ್ನೇ ಓರೆಗಣ್ಣಿನಿಂದ ನೋಡುತ್ತಿದ್ದರು. ಎರಡು ರೊಟ್ಟಿ ಉಂಡೆ. ಮೂರನೆಯದಕ್ಕೆ ತಾಯಿ ಒತ್ತಾಯ ಮಾಡಿದಾಗ ಕೈ ಅಡ್ಡ ಹಿಡಿದೆ. ಸಾಹುಕಾರರು ಏನೂ ಹೇಳದೆ ಕೈ ತೊಳೆದು ರೈಲಿಗೆ ಹೋದರು. ನಮಗೆ ಎಂಟು ದಿನ ನಿದ್ದೆಯಿಲ್ಲ.

ಒಂಬತ್ತನೆಯ ದಿನ ಚಪ್ಪಲಿಯ ಸಪ್ಪಳ ಕೇಳಿತು. ಕಾಕಾ ಬಾಗಿಲಲ್ಲಿ ನಿಂತು, ಕೈಯಲ್ಲಿದ್ದ ಲಕೋಟೆಯನ್ನು ಬೆನ್ನ ಹಿಂದೆ ಹಿಡಿದರು. "ಊಟಾ ಆತೇನ್ರೀ ಮಾಸ್ತರ?"

"ಕಾಕಾ, ಎಲ್ಲೀದು? ಹುಬ್ಬಳ್ಳೀದೇನು? ಕೊಡ್ರಲಾ!"

"ಮೊದಲ ಊಟಾ."

ಆಣೆಗೂ, ಕೋಪಕ್ಕೂ, ಕಾಲಿಗೆ ಬೀಳುವುದಕ್ಕೂ ಅವರು ಬಗ್ಗಲಿಲ್ಲ. ನಾನು ಒಳಗೆ ಹೋಗಿ ಗಬಗಬ ತಿನ್ನತೊಡಗಿದರೆ, "ಸಾವಕಾಶ ಅಗದು ನುಂಗ್ರಿ, ಕಾಗದ ಆರೂದಿಲ್ಲ" ಎಂದು ಬಾಗಿಲಿನಿಂದಲೇ ಕೂಗಿದರು. ಕೈ ತೊಳೆದು ಬಂದ ಮೇಲೆ ಲಕೋಟೆ ಕೊಟ್ಟರು. ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿತ್ತು. ಒಡೆಯುವ ಮೊದಲೇ ನನಗೂ ತಿಳಿಯಿತು, ಒಲೆಯ ಹತ್ತಿರದ ತಾಯಿಗೂ ತಿಳಿಯಿತು. ಸಂಕಟದಲ್ಲಿರುವವನನ್ನು ಕಾಡಿಸುವ ಮನುಷ್ಯ ಅವರಲ್ಲ. ಹಳದಿ ಕಂಡದ್ದರಿಂದಲೇ ಅಷ್ಟು ಹೊತ್ತು ನಗುತ್ತ ನಿಂತಿದ್ದರು. ಒಳಗೆ ಮಾವನವರು ಬರೆದಿದ್ದರು, ಉಣ್ಣುವುದು ಗೊತ್ತು, ನಿಲ್ಲಿಸುವುದೂ ಗೊತ್ತು, ಇಂಥವರಿಗೆ ಮಗಳನ್ನು ಕೊಡಲು ನಮಗೆ ಸಂತೋಷ ಎಂದು.

ಇವೆಲ್ಲ ಹತ್ತು ವರ್ಷದ ಹಿಂದಿನ ಮಾತು. ಹೋದ ಭಾನುವಾರ, ಕೆಲಸದಿಂದ ನಿವೃತ್ತರಾದ ಮರುದಿನ, ಕಾಕಾ ನಮ್ಮ ಮನೆಗೆ ಊಟಕ್ಕೆ ಬಂದರು. ಖಾಕಿ ಕೋಟಿಲ್ಲದ ಅವರನ್ನು ನೋಡಿ ನನ್ನ ಮಕ್ಕಳಿಗೆ ಗುರುತೇ ಸಿಗಲಿಲ್ಲ. ಹೆಂಡತಿ ಬಡಿಸಿದಳು, ತಾಯಿ ಗೋಡೆಗೆ ಆತು ಕೂತು ಮೇಲ್ವಿಚಾರಣೆ ನಡೆಸಿದಳು. ಎರಡು ರೊಟ್ಟಿ ಮುಗಿದವು. ಮಜ್ಜಿಗೆಯ ಬಟ್ಟಲು ಕೈಗೆ ತೆಗೆದುಕೊಂಡವರು ಅದನ್ನು ಕುಡಿಯದೆ ನೋಡುತ್ತ ಕೂತರು.

"ಮಾಸ್ತರ, ಒಂದು ಹೇಳೂದೈತಿ. ನಿನ್ನಿತನಕ ಸರ್ಕಾರದ ಚಾಕರಿ, ಹೇಳಾಕ ಬರತಿರಲಿಲ್ಲ. ಆವತ್ತು ಕಾರ್ಡಿನ ಮ್ಯಾಲ ಬಿದ್ದದ್ದು ಮಳಿ ಹನಿ ಅಲ್ರೀ. ಮಜ್ಜಿಗಿ. ನೀವು ಎದ್ದು ಹೋದ ಮ್ಯಾಲ ತಂಬಿಗ್ಯಾಗ ಬೆರಳ ಅದ್ದಿ ನಾನs ಒರಸೇನಿ. ಒಂದs ಶಬ್ದ. ಮೂವತ್ತ ವರ್ಷದಾಗ ಮತ್ತೊಬ್ರ ಅಕ್ಷರ ಮುಟ್ಟಿದ್ದು ಅದೊಂದs."

ಚೀಲ ಸೋರಿತೆಂದು ಹತ್ತು ವರ್ಷ ಅವರನ್ನು ಹಂಗಿಸಿದ್ದೆ. ಅಷ್ಟೂ ವರ್ಷ ತಮ್ಮ ಹೆಮ್ಮೆಯನ್ನು ನನ್ನ ಬಾಯಿಗೆ ಬಿಟ್ಟುಕೊಟ್ಟು ಸುಮ್ಮನಿದ್ದರು. ನನ್ನ ಹೆಂಡತಿ, ಈ ಮನೆ, ಈ ಮಕ್ಕಳು, ಎಲ್ಲ ಆ ಒಂದು ಹನಿಯಿಂದ ಬಂದವು. ಕಣ್ಣು ತುಂಬಿ ಬಂತು.

ಗೋಡೆಯ ಕಡೆಯಿಂದ ನನ್ನ ತಾಯಿ ಸಾವಕಾಶವಾಗಿ ಹೇಳಿದಳು: "ನನಗ ಆವತ್ತs ಗೊತ್ತಿತ್ತಲ್ಲೋ. ಮಳಿ ಎಲ್ಲೆರ ಹುಳಿ ವಾಸನಿ ಹೊಡೀತೈತೇನು? ನನಗ ಓದಾಕ ಬರೂದಿಲ್ಲ, ಮೂಸಾಕ ಬರತೈತಿ. ಯಾರೋ ನಮ್ಮವ್ರು ಕರ್ಯಾಕತ್ತಾರ ಅಂತ ತಿಳದs ಬುಟ್ಟಿ ಕಟ್ಟಿದೆ."

ಆಮೇಲೆ ಮನೆ ಹಾರುವಂತೆ ನಗು. ಎಲ್ಲರಿಗಿಂತ ಹೆಚ್ಚು ನಕ್ಕವರು ಕಾಕಾ. ಅವರ ಪಿಂಚಣಿಯ ಕಾಗದ ಇನ್ನೂ ಮೇಲಿನವರ ಮೇಜಿನ ಮೇಲಿದೆ. ಹೆಸರು ಬರೆಯದಿರುವುದಕ್ಕೆ ಇದೇ ಕಾರಣ.

ಕಣ್ಣೊರೆಸಿಕೊಂಡು ಅವರು ತಮ್ಮ ತಾಟನ್ನು ನನ್ನ ಹೆಂಡತಿಯ ಕಡೆ ಸರಿಸಿದರು. "ಇನ್ನೊಂದು ಹಾಕವಾ ತಂಗಿ" ಎಂದರು. "ದಿನಾ ಏನ ಮಾಡೂದಿಲ್ಲ ಇದನ್ನ."

ಅವರು ಮೂರನೆಯ ರೊಟ್ಟಿ ಉಂಡದ್ದನ್ನು ನಾನು ಅಂದೇ ಮೊದಲು ನೋಡಿದೆ.